ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಭಾರತದ ಭೌತವಿಜ್ಞಾನಿ. ಪಾರದರ್ಶಕ ವಸ್ತುವಿನ ಮೂಲಕ ಹಾಯುವ ಬೆಳಕಿನ ಅತ್ಯಲ್ಪ ಭಾಗವು ಚದುರುವಾಗ ತನ್ನ ತರಂಗಾಂತರವನ್ನು ಬದಲಿಸಿಕೊಳ್ಳುತ್ತದೆ ಎಂಬುದನ್ನು ಅವರು 1928ರಲ್ಲಿ ಪ್ರಯೋಗದಿಂದ ತೋರಿಸಿದರು. ಈ ವಿದ್ಯಮಾನವು ರಾಮನ್ ಪರಿಣಾಮ ಎಂದು ಪ್ರಸಿದ್ಧವಾಗಿದೆ. ಇದಕ್ಕಾಗಿ ಅವರಿಗೆ 1930ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ವಿಜ್ಞಾನ ಕ್ಷೇತ್ರದಲ್ಲಿ ನೊಬೆಲ್ ಪಡೆದ ಏಷ್ಯಾದವರಲ್ಲಿ ಅವರೇ ಮೊದಲಿಗರು.

ತಮಿಳುನಾಡಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ತಮ್ಮ ಮುಖ್ಯ ಆವಿಷ್ಕಾರವನ್ನು ಮಾಡಿದ ರಾಮನ್, 1933ರಿಂದ ಕೊನೆಯವರೆಗೂ ಬೆಂಗಳೂರಿನಲ್ಲಿ ನೆಲೆಸಿದ್ದರು. ಅವರ ಆವಿಷ್ಕಾರವನ್ನು ಆಧರಿಸಿದ ರಾಮನ್ ರೋಹಿತದರ್ಶನವು ಇಂದು ಔಷಧ, ರತ್ನ, ಸ್ಫೋಟಕ ಮುಂತಾದ ವಸ್ತುಗಳನ್ನು ಗುರುತಿಸಲು ಬಳಕೆಯಾಗುತ್ತಿದೆ. ನದಿ, ಸಮುದ್ರ ಮತ್ತು ಕುಡಿಯುವ ನೀರಿನಲ್ಲಿ ಸೇರಿರುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಪತ್ತೆಹಚ್ಚುವ ಪ್ರಮುಖ ವಿಧಾನಗಳಲ್ಲಿಯೂ ಇದು ಒಂದು.

ಜನನ ಮತ್ತು ಬಾಲ್ಯ

ರಾಮನ್ ಅವರು ಅಂದಿನ ಮದರಾಸು ಪ್ರಾಂತದ ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಎಂಟು ಮಂದಿ ಮಕ್ಕಳಲ್ಲಿ ರಾಮನ್ ಎರಡನೆಯವರು. ತಂದೆಯು ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿ ವಿಶಾಖಪಟ್ಟಣದ ಕಾಲೇಜಿಗೆ ಸೇರಿದ ಕಾರಣ ಕುಟುಂಬವು ಅಲ್ಲಿಗೆ ಹೋಗಿ ನೆಲೆಸಿತು. ಮನೆಯಲ್ಲಿ ವಿಜ್ಞಾನದ ಪುಸ್ತಕಗಳೂ ಸಂಗೀತದ ವಾತಾವರಣವೂ ಇದ್ದವು. ಈ ಎರಡು ಆಸಕ್ತಿಗಳೂ ರಾಮನ್ ಅವರಲ್ಲಿ ಕೊನೆಯವರೆಗೆ ಉಳಿದವು.

ವಿದ್ಯಾಭ್ಯಾಸ

ತಮ್ಮ 11ನೆಯ ವಯಸ್ಸಿನಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ರಾಮನ್, ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದರು. 1904ರಲ್ಲಿ ಬಿ.ಎ. ಪದವಿಯನ್ನು ಭೌತಶಾಸ್ತ್ರದ ಚಿನ್ನದ ಪದಕದೊಂದಿಗೆ ಪಡೆದರು. 1907ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ವಿದ್ಯಾರ್ಥಿಯಾಗಿದ್ದಾಗಲೇ, ಆಯತಾಕಾರದ ಕಿಂಡಿಯಿಂದ ಬರುವ ಬೆಳಕಿನ ವಿವರ್ತನೆಯನ್ನು ಕುರಿತ ಅವರ ಮೊದಲ ಲೇಖನವು 1906ರಲ್ಲಿ ಲಂಡನ್ನಿನ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆಗಿನ ಭಾರತದಲ್ಲಿ ವಿಜ್ಞಾನವನ್ನೇ ವೃತ್ತಿಯಾಗಿ ಆರಿಸಿಕೊಳ್ಳುವ ಅವಕಾಶಗಳು ಬಹಳ ಕಡಿಮೆ. ಆದುದರಿಂದ ರಾಮನ್ ಹಣಕಾಸು ಸೇವೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತು ಪ್ರಥಮ ಸ್ಥಾನ ಪಡೆದರು. 1907ರ ಮೇ ತಿಂಗಳಲ್ಲಿ ಲೋಕಸುಂದರಿ ಅಮ್ಮಾಳ್ ಅವರನ್ನು ವಿವಾಹವಾದರು. ಅದೇ ವರ್ಷ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಹುದ್ದೆಗೆ ಸೇರಿದರು.

ಕಲ್ಕತ್ತೆಯ ವರ್ಷಗಳು

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಕಟ್ಟಡವಿತ್ತು. ಡಾ. ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ಪ್ರಯೋಗಶಾಲೆಯಿದ್ದರೂ ಸಂಶೋಧಕರಿರಲಿಲ್ಲ. ರಾಮನ್ ಕಚೇರಿಯ ಕೆಲಸಕ್ಕೆ ಮೊದಲು ಮತ್ತು ಅನಂತರ, ಬೆಳಗಿನ ಹಾಗೂ ರಾತ್ರಿಯ ಹೊತ್ತಿನಲ್ಲಿ, ಅಲ್ಲಿ ಪ್ರಯೋಗಗಳನ್ನು ನಡೆಸತೊಡಗಿದರು. ಸಂಘದ ಸಹಾಯಕ ಅಶುತೋಷ್ ಡೇ ಅವರಿಗೆ ನೆರವಾಗುತ್ತಿದ್ದರು. ರಂಗೂನ್ ಮತ್ತು ನಾಗಪುರಗಳಿಗೆ ಸ್ವಲ್ಪ ಕಾಲ ವರ್ಗವಾಗಿದ್ದುದನ್ನು ಬಿಟ್ಟರೆ ಹತ್ತು ವರ್ಷಗಳ ಕಾಲ ಈ ದಿನಚರಿ ಮುಂದುವರಿಯಿತು.

ಈ ಅವಧಿಯಲ್ಲಿ ಅವರ ಆಸಕ್ತಿ ಹೆಚ್ಚಾಗಿ ಧ್ವನಿವಿಜ್ಞಾನದಲ್ಲಿತ್ತು. ಪಿಟೀಲಿನ ತಂತಿಯ ಕಂಪನ, ವೀಣೆ ಹಾಗೂ ತಂಬೂರಿಯ ನಾದ ಇವುಗಳನ್ನು ಅವರು ಅಧ್ಯಯನ ಮಾಡಿದರು. ಸಾಮಾನ್ಯವಾದ ಚರ್ಮವಾದ್ಯಗಳಿಗಿಲ್ಲದ ಸ್ವರಬದ್ಧತೆ ಮೃದಂಗ ಮತ್ತು ತಬಲಗಳಿಗೆ ಇರುವುದು ಅವುಗಳ ಚರ್ಮಕ್ಕೆ ಹಚ್ಚುವ ಕರಣೆಯಿಂದ ಎಂಬುದನ್ನು ವೈಜ್ಞಾನಿಕವಾಗಿ ವಿವರಿಸಿದರು.

ಕಲ್ಕತ್ತ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸರ್ ಅಶುತೋಷ್ ಮುಖರ್ಜಿ ಅವರ ಆಹ್ವಾನದಂತೆ ರಾಮನ್ 1917ರಲ್ಲಿ ಸರ್ಕಾರಿ ಹುದ್ದೆಯನ್ನು ಬಿಟ್ಟು ಭೌತಶಾಸ್ತ್ರದ ಪಾಲಿತ್ ಪ್ರಾಧ್ಯಾಪಕರಾದರು. ಹೊಸ ಹುದ್ದೆಯ ವೇತನವು ಹಿಂದಿನದಕ್ಕಿಂತ ಬಹಳ ಕಡಿಮೆಯಾಗಿತ್ತು. 1919ರಲ್ಲಿ ವಿಜ್ಞಾನ ಸಂಘದ ಗೌರವ ಕಾರ್ಯದರ್ಶಿಯೂ ಆದರು. ದೇಶದ ಬೇರೆ ಬೇರೆ ಭಾಗಗಳಿಂದ ವಿದ್ಯಾರ್ಥಿಗಳು ಅವರನ್ನು ಅರಸಿ ಬರತೊಡಗಿದರು.

ಸಮುದ್ರದ ಬಣ್ಣ

1921ರಲ್ಲಿ ಆಕ್ಸ್‌ಫರ್ಡಿನಲ್ಲಿ ನಡೆದ ವಿಶ್ವವಿದ್ಯಾಲಯಗಳ ಸಮ್ಮೇಳನಕ್ಕೆ ರಾಮನ್ ಕಲ್ಕತ್ತ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಹೋದರು. ಇದು ಅವರ ಮೊದಲ ವಿದೇಶ ಪ್ರವಾಸ. ನಾರ್ಕುಂಡಾ ಎಂಬ ಹಡಗಿನಲ್ಲಿ ಹಿಂದಿರುಗುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯು ಅವರ ಗಮನ ಸೆಳೆಯಿತು. ಆಳವಾದ ಸಮುದ್ರದ ನೀಲಿಯು ಆಕಾಶದ ನೀಲಿಯ ಪ್ರತಿಫಲನವಷ್ಟೇ ಎಂದು ಲಾರ್ಡ್ ರೇಲಿ ಅವರು ಅದಕ್ಕೆ ಹಿಂದೆ ಅಭಿಪ್ರಾಯಪಟ್ಟಿದ್ದರು.

ರಾಮನ್ ತಮ್ಮೊಂದಿಗೆ ಒಯ್ದಿದ್ದ ನಿಕಲ್ ಪಟ್ಟಕದ ಮೂಲಕ ಈ ಅಭಿಪ್ರಾಯವನ್ನು ಪರೀಕ್ಷಿಸಿದರು. ನೀರಿನ ಮೇಲ್ಮೈಯಿಂದ ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕು ಧ್ರುವೀಕೃತವಾಗಿರುತ್ತದೆ. ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಅದನ್ನು ತಡೆಯಬಹುದು. ಹಾಗೆ ಆಕಾಶದ ಪ್ರತಿಬಿಂಬವನ್ನು ನೀಗಿದ ಮೇಲೂ ಸಮುದ್ರದ ನೀಲಿ ಉಳಿಯಿತು, ಮಾತ್ರವಲ್ಲ, ಇನ್ನಷ್ಟು ಗಾಢವಾಗಿ ಕಂಡಿತು. ಆದುದರಿಂದ ಬಣ್ಣವು ನೀರಿನ ಒಳಗಿನಿಂದಲೇ ಬರುತ್ತಿರಬೇಕು, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿರಬೇಕು ಎಂದು ಅವರು ನಿರ್ಣಯಿಸಿದರು. ಈ ವಿಚಾರವು 1921ರಲ್ಲಿಯೇ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಸಮುದ್ರದ ನೀಲಿಗೆ ಮುಖ್ಯ ಕಾರಣವೆಂದು ಇಂದು ತಿಳಿಯಲಾಗಿದೆ. ಆದರೆ ದ್ರವಗಳಲ್ಲಿ ಬೆಳಕು ಹೇಗೆ ಚದುರುತ್ತದೆ ಎಂಬ ಪ್ರಶ್ನೆಯು ರಾಮನ್ ಅವರ ಮುಂದಿನ ಏಳು ವರ್ಷಗಳ ಕೆಲಸಕ್ಕೆ ದಿಕ್ಕು ತೋರಿಸಿತು.

ರಾಮನ್ ಪರಿಣಾಮದ ಆವಿಷ್ಕಾರ

1923ರಲ್ಲಿ ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ನೀರಿನಲ್ಲಿ ಚದುರಿದ ಬೆಳಕನ್ನು ಪರಿಶೀಲಿಸುತ್ತಿದ್ದರು. ಒಳಗೆ ಬಿಟ್ಟ ಬೆಳಕಿನ ಬಣ್ಣವನ್ನು ಫಿಲ್ಟರುಗಳಿಂದ ಪೂರ್ತಿಯಾಗಿ ತಡೆದರೂ ಅತಿ ಕ್ಷೀಣವಾದ ಬೇರೊಂದು ಬಣ್ಣದ ಬೆಳಕು ಉಳಿಯುತ್ತಿತ್ತು. ದ್ರವದಲ್ಲಿ ಬೆರೆತ ಕಲ್ಮಶವೇ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಸೂಸುತ್ತಿದೆ, ಅಂದರೆ ಇದು ಪ್ರತಿದೀಪ್ತಿ, ಎಂಬುದು ಅದಕ್ಕೆ ಸಹಜವಾಗಿ ತೋರುವ ವಿವರಣೆಯಾಗಿತ್ತು. ರಾಮನ್ ಅವರಿಗೆ ಈ ವಿವರಣೆಯಿಂದ ಸಮಾಧಾನವಾಗಲಿಲ್ಲ. ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿ ನೋಡಿದರೂ ಆ ಬೆಳಕು ಮಾಯವಾಗಲಿಲ್ಲ. 1925ರಲ್ಲಿ ಕೆ. ಎಸ್. ಕೃಷ್ಣನ್ ಅವರಿಗೂ ಬೇರೆ ದ್ರವಗಳಲ್ಲಿ ಇದೇ ಅನುಭವವಾಯಿತು.

ಎಸ್. ವೆಂಕಟೇಶ್ವರನ್ ಅವರು ಶುದ್ಧ ಗ್ಲಿಸರೀನಿನಲ್ಲಿ ನಡೆಸಿದ ಪ್ರಯೋಗವು ನಿರ್ಣಾಯಕವಾದ ಸುಳಿವನ್ನು ನೀಡಿತು. ಅದರಲ್ಲಿ ಚದುರಿದ ಬೆಳಕು ನೀಲಿಯ ಬದಲು ಹಸಿರು ಛಾಯೆಯಲ್ಲಿ ಕಂಡಿತು, ಮತ್ತು ಅದು ಧ್ರುವೀಕೃತವಾಗಿತ್ತು. ಸಾಮಾನ್ಯ ಪ್ರತಿದೀಪ್ತಿಯಲ್ಲಿ ಇಷ್ಟು ಸ್ಪಷ್ಟವಾದ ಧ್ರುವೀಕರಣ ಕಾಣುವುದಿಲ್ಲ. ಹೀಗಾಗಿ ಈ ಕ್ಷೀಣ ಬೆಳಕು ಕಲ್ಮಶದ ಕುರುಹಲ್ಲ, ವಸ್ತುವಿನದೇ ಗುಣ ಎಂಬ ನಂಬಿಕೆ ರಾಮನ್ ಅವರಲ್ಲಿ ದೃಢವಾಯಿತು. 1928ರ ಜನವರಿಯಿಂದ ಕೃಷ್ಣನ್ ಅವರು ಈ ಕೆಲಸವನ್ನು ಪೂರ್ಣಪ್ರಮಾಣದಲ್ಲಿ ಕೈಗೆತ್ತಿಕೊಂಡರು. ಅನೇಕ ದ್ರವಗಳಲ್ಲಿ ಇದೇ ವಿದ್ಯಮಾನ ಕಂಡುಬಂದಿತು.

1928ರ ಫೆಬ್ರವರಿ 28ರಂದು ಪಾದರಸದ ದೀಪದ ಬೆಳಕನ್ನು ಬಳಸಿ, ಚದುರಿದ ಬೆಳಕನ್ನು ಚಿಕ್ಕ ರೋಹಿತದರ್ಶಕದ ಮೂಲಕ ನೋಡಿದಾಗ, ಮೂಲ ಬೆಳಕಿನ ರೇಖೆಯಲ್ಲದೆ ಅದರಿಂದ ಬೇರ್ಪಟ್ಟ ಹೊಸ ಬೆಳಕು ಸ್ಪಷ್ಟವಾಗಿ ಕಾಣಿಸಿತು. ಮರುದಿನ ಈ ಆವಿಷ್ಕಾರವನ್ನು ಪತ್ರಿಕೆಗಳಿಗೆ ತಿಳಿಸಲಾಯಿತು. ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, ರಾಮನ್ ಇದನ್ನು ಕುರಿತು ವಿಸ್ತಾರವಾದ ಉಪನ್ಯಾಸ ನೀಡಿದರು. ಅದೇ ತಿಂಗಳ 31ರ ನೇಚರ್ ಸಂಚಿಕೆಯಲ್ಲಿ ರಾಮನ್ ಮತ್ತು ಕೃಷ್ಣನ್ ಇಬ್ಬರ ಹೆಸರಿನಲ್ಲಿ ಲೇಖನವು ಪ್ರಕಟವಾಯಿತು.

ಬೆಳಕಿನ ಕಣವಾದ ಫೋಟಾನ್ ಅಣುವನ್ನು ತಾಗಿದಾಗ ಬಹುಮಟ್ಟಿಗೆ ತನ್ನ ಶಕ್ತಿಯನ್ನು ಕಳೆದುಕೊಳ್ಳದೆಯೇ ಚದುರುತ್ತದೆ. ಸುಮಾರು ಒಂದು ಕೋಟಿ ಫೋಟಾನ್‌ಗಳಲ್ಲಿ ಒಂದು ಮಾತ್ರ ಅಣುವಿನ ಕಂಪನಕ್ಕೆ ಸ್ವಲ್ಪ ಶಕ್ತಿಯನ್ನು ಕೊಡುತ್ತದೆ, ಇಲ್ಲವೇ ಅದರಿಂದ ಸ್ವಲ್ಪ ಶಕ್ತಿಯನ್ನು ಪಡೆಯುತ್ತದೆ. ಹೀಗೆ ಬದಲಾದ ಶಕ್ತಿಯು ತರಂಗಾಂತರದ ವ್ಯತ್ಯಾಸವಾಗಿ ಕಾಣಿಸುತ್ತದೆ. ಒಂದೊಂದು ಬಗೆಯ ಅಣುವಿನ ಕಂಪನವೂ ಬೇರೆ ಬೇರೆಯಾದ್ದರಿಂದ ಚದುರಿದ ಬೆಳಕಿನ ರೇಖೆಗಳು ಆ ವಸ್ತುವಿನ ಬೆರಳಚ್ಚಿನಂತಿರುತ್ತವೆ.

ಆದ್ಯತೆಯ ಪ್ರಶ್ನೆ ಮತ್ತು ನೊಬೆಲ್ ಪ್ರಶಸ್ತಿ

ಇಂತಹ ಚದುರುವಿಕೆ ಸಾಧ್ಯವೆಂದು ಆಸ್ಟ್ರಿಯಾದ ಅಡಾಲ್ಫ್ ಸ್ಮೆಕಾಲ್ 1923ರಲ್ಲಿ ಸೈದ್ಧಾಂತಿಕವಾಗಿ ಸೂಚಿಸಿದ್ದರು. ಮಾಸ್ಕೋದಲ್ಲಿ ಗ್ರಿಗರಿ ಲ್ಯಾಂಡ್ಸ್‌ಬರ್ಗ್ ಮತ್ತು ಲಿಯೊನಿದ್ ಮ್ಯಾಂಡೆಲ್‌ಸ್ಟಾಮ್ ಅವರು 1928ರ ಫೆಬ್ರವರಿಯಲ್ಲಿಯೇ ಕ್ವಾರ್ಟ್ಜ್ ಸ್ಫಟಿಕದಲ್ಲಿ ಇದನ್ನು ಸ್ವತಂತ್ರವಾಗಿ ಕಂಡಿದ್ದರು. ಆದರೆ ಅವರ ಫಲಿತಾಂಶವು ರಾಮನ್ ಅವರದಕ್ಕಿಂತ ತಡವಾಗಿ ಪ್ರಕಟವಾಯಿತು. ರಷ್ಯಾದ ವೈಜ್ಞಾನಿಕ ಸಾಹಿತ್ಯದಲ್ಲಿ ಈ ವಿದ್ಯಮಾನವನ್ನು ಬಹುಕಾಲ ಬೇರೆ ಹೆಸರಿನಿಂದ ಕರೆಯಲಾಗುತ್ತಿತ್ತು. 1930ರ ನೊಬೆಲ್ ಪ್ರಶಸ್ತಿಯನ್ನು ರಾಮನ್ ಒಬ್ಬರಿಗೇ ನೀಡಲಾಯಿತು. ಆವಿಷ್ಕಾರದಲ್ಲಿ ಕೃಷ್ಣನ್ ಅವರ ಪಾಲು ಎಷ್ಟು ಎಂಬುದು ವಿಜ್ಞಾನದ ಇತಿಹಾಸಕಾರರಲ್ಲಿ ಇಂದಿಗೂ ಚರ್ಚೆಯ ವಿಷಯವಾಗಿದೆ.

ಬೆಂಗಳೂರಿನ ವರ್ಷಗಳು

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಈ ಹುದ್ದೆಗೇರಿದ ಮೊದಲ ಭಾರತೀಯರು ಅವರೇ. ಅಲ್ಲಿ ಭೌತಶಾಸ್ತ್ರ ವಿಭಾಗವನ್ನು ಆರಂಭಿಸಿದರು. ಜರ್ಮನಿಯಲ್ಲಿ ನಾಜಿಗಳ ಆಡಳಿತದಿಂದಾಗಿ ಹುದ್ದೆ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿಕೊಂಡರು. ಬಾರ್ನ್ 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನಲ್ಲಿದ್ದರು. ಅವರಿಗೆ ಶಾಶ್ವತ ಹುದ್ದೆ ಕೊಡಿಸುವ ರಾಮನ್ ಅವರ ಪ್ರಯತ್ನ ಫಲಿಸಲಿಲ್ಲ. ಹಣದ ಹಂಚಿಕೆ ಮತ್ತು ಆಡಳಿತದ ರೀತಿಯನ್ನು ಕುರಿತು ಸಂಸ್ಥೆಯ ಆಡಳಿತ ಮಂಡಳಿಯೊಂದಿಗೆ ಭಿನ್ನಾಭಿಪ್ರಾಯಗಳು ಬೆಳೆದು, 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನವನ್ನು ತ್ಯಜಿಸಬೇಕಾಯಿತು. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಮುಂದುವರಿದರು.

ಮಹಿಳೆಯರ ಪ್ರವೇಶದ ವಿಷಯದಲ್ಲಿ ಅವರ ನಿಲುವು ಟೀಕೆಗೆ ಒಳಗಾಗಿದೆ. 1933ರಲ್ಲಿ ಸಂಶೋಧನೆಗೆ ಅರ್ಜಿ ಸಲ್ಲಿಸಿದ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಅವರನ್ನು, ಮಹಿಳೆ ಎಂಬ ಕಾರಣದಿಂದ, ರಾಮನ್ ಮೊದಲು ನಿರಾಕರಿಸಿದರು. ಕಮಲಾ ಪಟ್ಟು ಹಿಡಿದಾಗ ಷರತ್ತುಗಳನ್ನು ವಿಧಿಸಿ ಸೇರಿಸಿಕೊಂಡರು. ಒಂದು ವರ್ಷದ ಅನಂತರ ಅವರ ಕೆಲಸಕ್ಕೆ ಮನ್ನಣೆಯಿತ್ತರು. ವಜ್ರಗಳ ರೋಹಿತವನ್ನು ಕುರಿತು ಸಂಶೋಧನೆ ನಡೆಸಿ, ಮುಂದೆ ಹವಾಮಾನ ವಿಜ್ಞಾನಿಯಾಗಿ ಹೆಸರಾದ ಅನ್ನಾ ಮಣಿ ಅವರೂ ರಾಮನ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದವರು.

ಎನ್. ಎಸ್. ನಾಗೇಂದ್ರನಾಥ್ ಅವರೊಡನೆ ರಾಮನ್ ರೂಪಿಸಿದ, ಶಬ್ದಾತೀತ ತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವುದನ್ನು ವಿವರಿಸುವ ಸಿದ್ಧಾಂತವು ಬೆಂಗಳೂರಿನ ಅವಧಿಯ ಪ್ರಮುಖ ಕೊಡುಗೆ. ಜಿ. ಎನ್. ರಾಮಚಂದ್ರನ್ ಅವರಂತಹ ಶಿಷ್ಯರು ಇಲ್ಲಿಯೇ ಬೆಳೆದರು. ಸ್ಫಟಿಕಗಳ ಪರಮಾಣು ಕಂಪನಗಳ ವಿಷಯದಲ್ಲಿ ರಾಮನ್ ಅವರಿಗೂ ಬಾರ್ನ್ ಅವರಿಗೂ ದೀರ್ಘಕಾಲದ ವಿವಾದ ನಡೆಯಿತು. ಮುಂದಿನ ಪ್ರಯೋಗಗಳು ಬಾರ್ನ್ ಅವರ ಸಿದ್ಧಾಂತವನ್ನೇ ಬೆಂಬಲಿಸಿದವು.

1934ರಲ್ಲಿ ರಾಮನ್ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅಕಾಡೆಮಿಗೆ ಮೈಸೂರು ಸಂಸ್ಥಾನವು ಜಮೀನನ್ನು ನೀಡಿತು. ನಿವೃತ್ತಿಯ ಹೊತ್ತಿಗೆ ಈ ಜಮೀನಿನಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಕೊನೆಯವರೆಗೆ ಅದರ ನಿರ್ದೇಶಕರಾಗಿದ್ದರು. ಸರ್ಕಾರದ ಹಣದೊಂದಿಗೆ ನಿರ್ಬಂಧಗಳೂ ಬರುತ್ತವೆಂಬ ಕಾರಣದಿಂದ ಅವರು ಸರ್ಕಾರಿ ನೆರವಿನಿಂದ ದೂರವಿದ್ದರು. ವಜ್ರ, ಓಪಲ್, ಮುತ್ತು, ಹೂವಿನ ಬಣ್ಣ, ಮನುಷ್ಯನ ದೃಷ್ಟಿ ಮುಂತಾದವು ಅವರ ಕೊನೆಯ ದಶಕಗಳ ಅಧ್ಯಯನದ ವಿಷಯಗಳಾಗಿದ್ದವು.

ಕೊನೆಯ ದಿನಗಳು

ಗಾಂಧಿ ಜಯಂತಿಯಂದು ತಮ್ಮ ಸಂಸ್ಥೆಯಲ್ಲಿ ಸ್ಮಾರಕ ಉಪನ್ಯಾಸ ನೀಡುವುದನ್ನು ರಾಮನ್ ರೂಢಿಯಾಗಿಟ್ಟುಕೊಂಡಿದ್ದರು. 1970ರ ಉಪನ್ಯಾಸದ ಕೆಲವು ವಾರಗಳ ಅನಂತರ ಅವರು ಹೃದಯದ ತೊಂದರೆಯಿಂದ ಕುಸಿದು ಆಸ್ಪತ್ರೆ ಸೇರಿದರು. ಆಸ್ಪತ್ರೆಯಲ್ಲಿ ಉಳಿಯಲೊಪ್ಪದೆ ಸಂಸ್ಥೆಯ ಆವರಣಕ್ಕೇ ಮರಳಿದರು. ನವೆಂಬರ್ 21ರಂದು ನಿಧನರಾದರು. ಅವರ ಅಂತ್ಯಸಂಸ್ಕಾರವು ಸಂಸ್ಥೆಯ ತೋಟದಲ್ಲಿಯೇ ನಡೆಯಿತು. ಆ ಸ್ಥಳದಲ್ಲಿ ಸಮಾಧಿಯ ಬದಲು ಒಂದು ಮರವನ್ನು ಬೆಳೆಸಲಾಗಿದೆ. ಅವರ ಮಗ, ರೇಡಿಯೋ ಖಗೋಳವಿಜ್ಞಾನಿ ವಿ. ರಾಧಾಕೃಷ್ಣನ್ 1972ರಲ್ಲಿ ಸಂಸ್ಥೆಯ ನಿರ್ದೇಶಕರಾದರು. 1983ರಲ್ಲಿ ನೊಬೆಲ್ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು ರಾಮನ್ ಅವರ ಅಣ್ಣನ ಮಗ.

ರಾಮನ್ ರೋಹಿತದರ್ಶನ ಮತ್ತು ನೀರಿನಲ್ಲಿನ ಸೂಕ್ಷ್ಮ ಪ್ಲಾಸ್ಟಿಕ್

ರಾಮನ್ ರೇಖೆಗಳು ತೀರ ಕ್ಷೀಣವಾದ್ದರಿಂದ, ಪಾದರಸದ ದೀಪವನ್ನು ಬಳಸಿ ಅವುಗಳ ಛಾಯಾಚಿತ್ರ ಪಡೆಯಲು ಬಹಳ ಹೊತ್ತು ಕಾಯಬೇಕಾಗುತ್ತಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. ಒಂದೇ ಬಣ್ಣದ ಪ್ರಖರ ಬೆಳಕನ್ನು ಸಣ್ಣ ಬಿಂದುವಿನ ಮೇಲೆ ಕೇಂದ್ರೀಕರಿಸುವುದು ಸಾಧ್ಯವಾಯಿತು. 1970ರ ದಶಕದಲ್ಲಿ ಲೇಸರನ್ನು ಸೂಕ್ಷ್ಮದರ್ಶಕದೊಂದಿಗೆ ಜೋಡಿಸಿದ ರಾಮನ್ ಉಪಕರಣಗಳು ರೂಪುಗೊಂಡವು. ಇದರಿಂದ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದೇ ಕಣದ ರೋಹಿತವನ್ನೂ ಪಡೆಯಬಹುದಾಯಿತು.

5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ತುಣುಕುಗಳನ್ನು ಸೂಕ್ಷ್ಮ ಪ್ಲಾಸ್ಟಿಕ್ ಅಥವಾ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ವಿಷಯಕ್ಕೆ ವ್ಯಾಪಕ ಗಮನ ದೊರೆಯಿತು. ನೀರಿನಲ್ಲಿ ಸಿಕ್ಕ ಕಣವು ಮರಳೋ, ಪಾಚಿಯ ಚೂರೋ, ಹತ್ತಿಯ ಎಳೆಯೋ ಅಥವಾ ಪ್ಲಾಸ್ಟಿಕ್ಕೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಬರಿದೆ ನೋಡಿ ಹೇಳುವುದು ಕಷ್ಟ. ಕಣವು ಚಿಕ್ಕದಾದಷ್ಟೂ ತಪ್ಪು ಎಣಿಕೆಯ ಸಂಭವ ಹೆಚ್ಚು. ಅದು ಯಾವ ವಸ್ತು ಎಂಬುದನ್ನು ರಾಸಾಯನಿಕವಾಗಿ ಗುರುತಿಸಲು ರಾಮನ್ ರೋಹಿತವು ನೆರವಾಗುತ್ತದೆ.

ಸಾಮಾನ್ಯ ಕ್ರಮವು ಹೀಗಿದೆ: ನೀರಿನ ಮಾದರಿಗೆ ಹೈಡ್ರೋಜನ್ ಪೆರಾಕ್ಸೈಡಿನಂತಹ ದ್ರಾವಣವನ್ನು ಸೇರಿಸಿ ಜೈವಿಕ ವಸ್ತುಗಳನ್ನು ಕರಗಿಸುತ್ತಾರೆ. ಸಾಂದ್ರವಾದ ಉಪ್ಪಿನ ದ್ರಾವಣದಲ್ಲಿ ಮರಳು ತಳಕ್ಕಿಳಿದು ಹಗುರವಾದ ಪ್ಲಾಸ್ಟಿಕ್ ಮೇಲೆ ತೇಲುತ್ತದೆ. ಅದನ್ನು ನವುರಾದ ಶೋಧಕದ ಮೇಲೆ ಸೋಸಿ, ಒಂದೊಂದು ಕಣದ ಮೇಲೂ ಲೇಸರ್ ಹಾಯಿಸಿ, ಬಂದ ರೋಹಿತವನ್ನು ಈಗಾಗಲೇ ತಿಳಿದಿರುವ ಪ್ಲಾಸ್ಟಿಕ್‌ಗಳ ರೋಹಿತಗಳ ಸಂಗ್ರಹದೊಡನೆ ಹೋಲಿಸುತ್ತಾರೆ. ಉದಾಹರಣೆಗೆ, ಪಾಲಿಸ್ಟೈರೀನ್ ತರಂಗಸಂಖ್ಯೆಯ ಮಾಪಕದಲ್ಲಿ ಸೆಂಟಿಮೀಟರಿಗೆ ಸುಮಾರು 1001ರಲ್ಲಿ ಎದ್ದುಕಾಣುವ ರೇಖೆಯನ್ನು ನೀಡುತ್ತದೆ. ಬಾಟಲಿಗಳಿಗೆ ಬಳಸುವ ಪಿಇಟಿ ಪ್ಲಾಸ್ಟಿಕ್ಕಿನ ರೇಖೆಗಳಲ್ಲಿ 1615 ಮತ್ತು 1730ರ ಸುತ್ತಲಿನವು ಮುಖ್ಯವಾದವು. ಪ್ರಯೋಗಶಾಲೆಯ ಗಾಳಿ ಮತ್ತು ಉಡುಪುಗಳಿಂದಲೂ ಪ್ಲಾಸ್ಟಿಕ್ ಎಳೆಗಳು ಮಾದರಿಗೆ ಸೇರಬಹುದಾದ್ದರಿಂದ ಗಾಜಿನ ಪಾತ್ರೆಗಳನ್ನೂ ಹತ್ತಿಯ ಮೇಲಂಗಿಗಳನ್ನೂ ಬಳಸುತ್ತಾರೆ. ಶುದ್ಧ ನೀರಿನ ಮಾದರಿಯನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಿ ಹೋಲಿಸುತ್ತಾರೆ.

ಇದೇ ಉದ್ದೇಶಕ್ಕೆ ಬಳಸುವ ಅವಕೆಂಪು ರೋಹಿತದರ್ಶನವು ಸಾಮಾನ್ಯವಾಗಿ 10–20 ಮೈಕ್ರೋಮೀಟರಿಗಿಂತ ದೊಡ್ಡ ಕಣಗಳಿಗೆ ಸೀಮಿತ. ಅವಕೆಂಪು ಕಿರಣಗಳನ್ನು ನೀರು ಬಲವಾಗಿ ಹೀರಿಕೊಳ್ಳುವುದರಿಂದ ಮಾದರಿಯನ್ನು ಒಣಗಿಸಬೇಕಾಗುತ್ತದೆ. ರಾಮನ್ ವಿಧಾನದಲ್ಲಿ ಸುಮಾರು 1 ಮೈಕ್ರೋಮೀಟರ್ ಗಾತ್ರದ ಕಣವನ್ನೂ ಗುರುತಿಸಬಹುದು. ನೀರಿನ ರಾಮನ್ ಚದುರುವಿಕೆಯು ದುರ್ಬಲವಾದ್ದರಿಂದ ಒದ್ದೆಯಾದ ಮಾದರಿಯೂ ಅಡ್ಡಿಯಾಗುವುದಿಲ್ಲ. 2024ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡು ಲೇಸರುಗಳನ್ನು ಬಳಸುವ ಪ್ರಚೋದಿತ ರಾಮನ್ ವಿಧಾನದಿಂದ ಬಾಟಲಿ ನೀರನ್ನು ಪರೀಕ್ಷಿಸಿ, ಒಂದು ಲೀಟರಿನಲ್ಲಿ ಸರಾಸರಿ ಸುಮಾರು 2.4 ಲಕ್ಷ ಪ್ಲಾಸ್ಟಿಕ್ ಕಣಗಳಿವೆಯೆಂದು ವರದಿ ಮಾಡಿದರು. ಅವುಗಳಲ್ಲಿ ಸುಮಾರು ಶೇ. 90ರಷ್ಟು 1 ಮೈಕ್ರೋಮೀಟರಿಗಿಂತಲೂ ಚಿಕ್ಕವು.

ಈ ವಿಧಾನಕ್ಕೆ ಇತಿಮಿತಿಗಳೂ ಇವೆ. ಸಾವಿರಾರು ಕಣಗಳನ್ನು ಒಂದೊಂದಾಗಿ ಪರೀಕ್ಷಿಸಲು ಬಹಳ ಸಮಯ ಬೇಕು. ಕಪ್ಪು ಬಣ್ಣದ ಕಣಗಳು ಲೇಸರಿನ ಶಾಖಕ್ಕೆ ಸುಟ್ಟುಹೋಗಬಹುದು. ಎಲ್ಲಕ್ಕಿಂತ ದೊಡ್ಡ ತೊಡಕು ಪ್ರತಿದೀಪ್ತಿಯದು. ಪ್ಲಾಸ್ಟಿಕ್ಕಿಗೆ ಬೆರೆಸಿದ ಬಣ್ಣ, ಅದಕ್ಕೆ ಅಂಟಿದ ಪಾಚಿ ಹಾಗೂ ಕೊಳೆತ ಜೈವಿಕ ವಸ್ತುಗಳು ಸೂಸುವ ಬೆಳಕು ಕ್ಷೀಣವಾದ ರಾಮನ್ ರೇಖೆಗಳನ್ನು ಮುಚ್ಚಿಹಾಕುತ್ತದೆ. 532 ನ್ಯಾನೋಮೀಟರಿನ ಹಸಿರು ಲೇಸರಿಗೆ ಬದಲಾಗಿ 785 ನ್ಯಾನೋಮೀಟರಿನ ಲೇಸರನ್ನು ಬಳಸಿ ಇದನ್ನು ಕಡಿಮೆ ಮಾಡಬಹುದು. ಆದರೆ ಆಗ ರಾಮನ್ ಸಂಕೇತವೂ ಕುಗ್ಗುತ್ತದೆ. ಕಲ್ಮಶದ ಪ್ರತಿದೀಪ್ತಿ ಯಾವುದು, ವಸ್ತುವಿನ ಸ್ವಂತ ಬೆಳಕು ಯಾವುದು ಎಂದು ಬೇರ್ಪಡಿಸುವ ಕೆಲಸವು 1923ರಲ್ಲಿ ಕಲ್ಕತ್ತೆಯ ಪ್ರಯೋಗಶಾಲೆಗೆ ಎದುರಾದಂತೆಯೇ ಇಂದಿನ ಸಂಶೋಧಕರಿಗೂ ಎದುರಾಗಿದೆ. ರಾಮನ್ ಅವರ ಗಮನ ಸೆಳೆದ ಮೆಡಿಟರೇನಿಯನ್, ಪ್ಲಾಸ್ಟಿಕ್ ಮಾಲಿನ್ಯ ಹೆಚ್ಚಾಗಿರುವ ಸಮುದ್ರಗಳಲ್ಲಿ ಇಂದು ಒಂದಾಗಿದೆ. ಅದರ ನೀರನ್ನು ಪರೀಕ್ಷಿಸಲೂ ರಾಮನ್ ರೋಹಿತದರ್ಶನವನ್ನು ಬಳಸಲಾಗುತ್ತಿದೆ.

ಪ್ರಶಸ್ತಿ ಮತ್ತು ಗೌರವಗಳು

• 1924 – ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ (1968ರಲ್ಲಿ ಇದಕ್ಕೆ ರಾಜೀನಾಮೆ ನೀಡಿದರು)
• 1929 – ನೈಟ್ ಪದವಿ
• 1930 – ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ. ರಾಯಲ್ ಸೊಸೈಟಿಯ ಹ್ಯೂಸ್ ಪದಕ
• 1941 – ಫ್ರಾಂಕ್ಲಿನ್ ಪದಕ
• 1954 – ಭಾರತರತ್ನ
• 1957 – ಲೆನಿನ್ ಶಾಂತಿ ಪ್ರಶಸ್ತಿ

ರಾಮನ್ ಪರಿಣಾಮದ ಆವಿಷ್ಕಾರದ ನೆನಪಿಗಾಗಿ ಭಾರತದಲ್ಲಿ 1987ರಿಂದ ಪ್ರತಿ ವರ್ಷ ಫೆಬ್ರವರಿ 28ನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.